ಆನ್‌ಲೈನ್‌ನಲ್ಲಿ ಓದಿ ಪ್ರಿನ್ಸಿಪಾಲ್ ಆಗಬಹುದಾ? ಇಗ್ನೋ ಡಿಪ್ಲೊಮಾ, ಎಂ.ಎ. ಶಿಕ್ಷಣ ಮಾಡಿದವರು ಇದ್ದರೆ ಹೇಳಿ

ಗಣಿತಮೇಡಂ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಒಂದು ಖಾಸಗಿ ಸಿಬಿಎಸ್‌ಇ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಎಂ.ಎಸ್ಸಿ, ಬಿ.ಎಡ್ ಆಗಿದೆ. ಹತ್ತು ವರ್ಷಕ್ಕಿಂತ ಜಾಸ್ತಿ ಸರ್ವಿಸ್ ಇದೆ. ಈಚೆಗೆ ಕೋಆರ್ಡಿನೇಟರ್ ಅಂತ ಹೆಸರು ಕೊಟ್ಟಿದ್ದಾರೆ. ಅಂದರೆ ಪಾಠ ಕಡಿಮೆಯಾಗಿಲ್ಲ, ಟೈಮ್‌ಟೇಬಲ್ ಮತ್ತು ಪೋಷಕರ ಬೈಗುಳ ಸೇರಿಕೊಂಡಿವೆ.

ನಮ್ಮ ಪ್ರಿನ್ಸಿಪಾಲರು ಸದ್ಯದಲ್ಲೇ ನಿವೃತ್ತರಾಗುತ್ತಾರೆ. ಆಡಳಿತ ಮಂಡಳಿಯವರು 'ನೀವೂ ಏನಾದರೂ ಕೋರ್ಸ್ ಮಾಡಿಕೊಳ್ಳಿ ಮೇಡಂ, ನೋಡೋಣ' ಅಂದಿದ್ದಾರೆ. ಕೆಲಸ ಬಿಟ್ಟು ಓದಲು ಆಗಲ್ಲ. ಮನೆಯಲ್ಲಿ ಇಬ್ಬರು ಮಕ್ಕಳು, ಅತ್ತೆಯವರಿಗೆ ಮಂಡಿ ನೋವು. ಹಾಗಾಗಿ ಮನೆಯಿಂದಲೇ ಓದುವಂಥದ್ದು ಬೇಕು.

ನೋಡಿಟ್ಟಿರುವುದು ಮೂರು. ಇಗ್ನೋದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿವಿ) ಶೈಕ್ಷಣಿಕ ನಿರ್ವಹಣೆ ಮತ್ತು ಆಡಳಿತದ ಪಿಜಿ ಡಿಪ್ಲೊಮಾ, ಅದೇ ಪಿಜಿಡಿಇಎಂಎ. ಎರಡನೆಯದು ಎಂ.ಎ. ಶಿಕ್ಷಣ. ಮೂರನೆಯದು ಒಂದು ಆನ್‌ಲೈನ್ ಕಂಪನಿ ಹೇಳುತ್ತಿರುವ 'ಅಂತಾರಾಷ್ಟ್ರೀಯ' ಮಾಸ್ಟರ್ಸ್ ಇನ್ ಎಜುಕೇಶನಲ್ ಲೀಡರ್‌ಶಿಪ್. ಹುಡುಗಿಯೊಬ್ಬಳು ದಿನಾ ಫೋನ್ ಮಾಡುತ್ತಾಳೆ. ಇವತ್ತು ಸೇರಿದರೆ ಅರ್ಧ ಫೀಸು ಅನ್ನುತ್ತಾಳೆ, ನಾಳೆಯೂ ಅದನ್ನೇ ಅನ್ನುತ್ತಾಳೆ.

ಇದರಲ್ಲಿ ಯಾವುದರಿಂದ ನಿಜಕ್ಕೂ ಉಪಯೋಗ?

ಪ್ರಭಾರಿ_ಮೇಷ್ಟ್ರು

ಮೇಡಂ, ಮೊದಲು ಸರ್ಕಾರಿ ಕಡೆಯ ಕಥೆ ಹೇಳಿಬಿಡುತ್ತೇನೆ. ನಮ್ಮಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಪ್ರೌಢಶಾಲಾ ಮುಖ್ಯೋಪಾಧ್ಯಾಯರದ್ದು ಗ್ರೂಪ್ ಬಿ ಗೆಜೆಟೆಡ್ ಹುದ್ದೆ. ಸಹ ಶಿಕ್ಷಕರ ಹೆಸರು ಜ್ಯೇಷ್ಠತಾ ಪಟ್ಟಿಯಲ್ಲಿ ಮೇಲೆ ಬಂದಾಗ ಬಡ್ತಿ. ಡಿಪ್ಲೊಮಾ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಬಡ್ತಿ ತಡವಾದ ಕಡೆ ಇರುವವರಲ್ಲೇ ಸೀನಿಯರ್ ಯಾರೋ ಅವರಿಗೆ ಪ್ರಭಾರ. ನನಗೆ ಬಂದದ್ದು ಹಾಗೆ.

ಹಿಂದಿನವರು ವಯೋನಿವೃತ್ತಿಯಾದ ದಿನ ಸನ್ಮಾನ ಆಯಿತು. ಹಾರ ಇನ್ನೂ ಕೊರಳಲ್ಲಿದ್ದಾಗಲೇ ಚಾರ್ಜ್ ಪಟ್ಟಿಗೆ ನನ್ನ ಸಹಿ ಹಾಕಿಸಿಕೊಂಡರು. ಮರುದಿನ ಬೀರು ತೆಗೆದರೆ ನಗದು ಪುಸ್ತಕ ತಿಂಗಳುಗಟ್ಟಲೆ ಬರೆದಿಲ್ಲ. ವೋಚರುಗಳೆಲ್ಲ ಸೀರೆ ಅಂಗಡಿಯ ಒಂದು ಪ್ಲಾಸ್ಟಿಕ್ ಚೀಲದಲ್ಲಿವೆ. ಬಿಸಿಯೂಟದ ದಾಸ್ತಾನು ವಹಿಯಲ್ಲಿರುವ ಅಕ್ಕಿಗೂ ಕೋಣೆಯಲ್ಲಿರುವ ಮೂಟೆಗಳಿಗೂ ತಾಳೆ ಆಗುತ್ತಿಲ್ಲ. ಬ್ಯಾಂಕಿನಲ್ಲಿ ಸಹಿ ಬದಲಾಗುವ ತನಕ ತರಕಾರಿ ದುಡ್ಡು ನನ್ನ ಜೇಬಿನಿಂದ ಹೋಯಿತು. ಅದರ ನಡುವೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ 'ಅತೀ ಜರೂರು, ಇಂದು ಸಂಜೆ 4 ಗಂಟೆಯೊಳಗೆ ಮಾಹಿತಿ ಸಲ್ಲಿಸುವುದು'. ರಾಜ್ಯದ ಆನ್‌ಲೈನ್ ದಾಖಲೆ ಎಸ್‌ಎಟಿಎಸ್‌ನಲ್ಲೂ ತುಂಬಿ, ಕೇಂದ್ರದ ಯು-ಡೈಸ್‌ನಲ್ಲೂ ತುಂಬಿ, ಅದನ್ನೇ ಮತ್ತೆ ಎಕ್ಸೆಲ್ ಶೀಟಿನಲ್ಲೂ ಕಳಿಸಿ.

ಇದನ್ನು ಯಾವ ಎಂ.ಎ.ಯಲ್ಲಿ ಕಲಿಸುತ್ತಾರೆ ಹೇಳಿ. ನಾನು ಕಲಿತದ್ದು ಪಕ್ಕದ ಶಾಲೆಯ ಗುಮಾಸ್ತ (ಎಸ್‌ಡಿಎ) ಹತ್ತಿರ. ಪುಣ್ಯಾತ್ಮ ಎರಡು ಭಾನುವಾರ ಬಂದು ಕೂತು ಬರೆಸಿದ.

ನಿಮ್ಮದು ಖಾಸಗಿ ಶಾಲೆ, ಲೆಕ್ಕ ಬೇರೆ. ಅಲ್ಲಿ ಆಡಳಿತ ಮಂಡಳಿಯ ಮನಸ್ಸು ಮುಖ್ಯ.

ಸೈನ್ಸ್_ಸರ್_ವಿಜಯಪುರ

ಎಲ್ಲಾ ಸರ್ಟಿಫಿಕೇಟ್ ವ್ಯಾಪಾರ ಮೇಡಂ. ನಾಯಕತ್ವ ಅನ್ನೋದು ಮೊಬೈಲ್ ನೋಡಿ ಬರುತ್ತಾ? ಅಸೈನ್‌ಮೆಂಟ್ ಬರೆದು ಮಾರುವವರೇ ಊರಿಗೊಬ್ಬರು ಇದ್ದಾರೆ. ಕೈಬರಹ ಕೂಡ ಅವರದೇ. ದುಡ್ಡು ಉಳಿಸಿ.

ಸಂತೆಪೇಟೆ_ಟೀಚರ್

ಸೈನ್ಸ್ ಸರ್, ಮಾರುವವರು ಇದ್ದಾರೆ, ನಿಜ. ಕೊಳ್ಳುವವರೂ ಮೇಷ್ಟ್ರುಗಳೇ ಅಲ್ವಾ. ನಾನು ಪಿಜಿಡಿಇಎಂಎ ಮಾಡಿದ್ದೇನೆ, ಒಳಗಿನದನ್ನು ಹೇಳುತ್ತೇನೆ.

ಮೇಡಂ, ಅದು ದೂರಶಿಕ್ಷಣ, ಪೂರ್ತಿ ಆನ್‌ಲೈನ್ ಅಲ್ಲ. ಅರ್ಜಿ, ಫೀಸು ಎಲ್ಲ ಆನ್‌ಲೈನ್. ಓದುವುದು ಮನೆಯಲ್ಲಿ. ಪರೀಕ್ಷೆಗೆ ಮಾತ್ರ ಕೇಂದ್ರಕ್ಕೆ ಹೋಗಿ ಪೆನ್ನು ಹಿಡಿದು ಬರೆಯಬೇಕು. ಜೂನ್ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ. ಜೂನ್ ಅಂದರೆ ನಮಗೆ ಶಾಲೆ ಶುರುವಾಗುವ ಗಡಿಬಿಡಿ, ಅದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ಅಸೈನ್‌ಮೆಂಟಿಗೆ ಶೇ 30, ಪರೀಕ್ಷೆಗೆ ಶೇ 70. ಕನಿಷ್ಠ ಒಂದು ವರ್ಷ, ಗರಿಷ್ಠ ಮೂರು ವರ್ಷ. ಕನ್ನಡ ಮಾಧ್ಯಮ ಇಲ್ಲ. ಪುಸ್ತಕಗಳು ಇಗ್ನೋದ ವೆಬ್‌ಸೈಟ್ ಇ-ಜ್ಞಾನಕೋಶದಲ್ಲಿ ಪುಕ್ಕಟೆ ಸಿಗುತ್ತವೆ. ಸೇರುವ ಮೊದಲು ಇಳಿಸಿಕೊಂಡು ಒಂದೆರಡು ಅಧ್ಯಾಯ ಓದಿ. ನಿದ್ದೆ ಬಂದರೆ ಅಲ್ಲಿಗೇ ಬಿಡಬಹುದು, ಒಂದು ರೂಪಾಯಿ ಖರ್ಚಿಲ್ಲ.

ಓದು ಹೇಗಿತ್ತು ಅಂದರೆ, ಅರ್ಧ ಬೇಜಾರು. ನಿರ್ವಹಣಾ ಸಿದ್ಧಾಂತ, ಯಾರು ಯಾವ ಕಾಲದಲ್ಲಿ ಏನು ಹೇಳಿದರು, ಇಂಥದ್ದೇ. ಸಂಸ್ಥೆಯೊಳಗೆ ಜನ ಹೇಗೆ ನಡೆದುಕೊಳ್ಳುತ್ತಾರೆ ಅನ್ನುವ ಭಾಗ ಮಾತ್ರ ಚೆನ್ನಾಗಿದೆ. ನಮ್ಮ ಸ್ಟಾಫ್ ರೂಮನ್ನೇ ನೋಡಿ ಬರೆದ ಹಾಗಿತ್ತು!

ನನಗೆ ಕೋರ್ಸ್ ವಸೂಲಾದದ್ದು ಪ್ರಾಜೆಕ್ಟಿನಲ್ಲಿ. ನಮ್ಮೂರಲ್ಲಿ ಮಂಗಳವಾರ ಸಂತೆ. ಮಂಗಳವಾರ ಮಕ್ಕಳು ಕಡಿಮೆ ಬರುತ್ತಾರೆ ಅಂತ ಎಲ್ಲರಿಗೂ ಗೊತ್ತು. 'ಸಂತೆ ದಿನ ಅಷ್ಟೇ ಬಿಡಿ' ಅಂತ ಎಲ್ಲರೂ ಸುಮ್ಮನಿದ್ದರು. ನಾನು ಇದನ್ನೇ ವಿಷಯ ಮಾಡಿಕೊಂಡೆ. ಹಾಜರಿ ಪುಸ್ತಕ ಹಾಕಿಕೊಂಡು ಎಂಟನೇ ಮತ್ತು ಒಂಬತ್ತನೇ ತರಗತಿಯ ಪ್ರತಿ ಮಂಗಳವಾರವನ್ನು ಬೇರೆ ಹಾಳೆಗೆ ಇಳಿಸಿದೆ. ಆಗ ಕಂಡದ್ದು, ತಪ್ಪಿಸುವವರು ಎಲ್ಲರೂ ಅಲ್ಲ, ಹೆಚ್ಚುಕಡಿಮೆ ಅದೇ ಮಕ್ಕಳು. ಅದರಲ್ಲಿ ಎರಡು ಗುಂಪು. ಒಂದು, ಅಪ್ಪನ ಜೊತೆ ಅಂಗಡಿ ಹಾಕುವ ಗಂಡು ಮಕ್ಕಳು. ಇನ್ನೊಂದು, ಅಮ್ಮ ಸಂತೆಗೆ ಹೋದಾಗ ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹೆಣ್ಣು ಮಕ್ಕಳು.

ಹೆಡ್‌ಮಾಸ್ಟರ್ ಒಪ್ಪಿದರು. ಕಂಪ್ಯೂಟರ್ ಲ್ಯಾಬ್, ಆಟ, ವಿಜ್ಞಾನದ ಪ್ರಯೋಗ ಮೂರನ್ನೂ ಮಂಗಳವಾರಕ್ಕೆ ತಂದೆವು. ಅಂಗನವಾಡಿ ಕಾರ್ಯಕರ್ತೆ ಹತ್ತಿರ ಮಾತಾಡಿ, ಚಿಕ್ಕ ಮಕ್ಕಳನ್ನು ಆ ದಿನ ತಪ್ಪದೆ ಕರೆಸಿಕೊಳ್ಳಿ ಅಂತ ಕೇಳಿಕೊಂಡೆವು. ಹೆಣ್ಣು ಮಕ್ಕಳು ಬಹುಪಾಲು ಬಂದರು. ಅಂಗಡಿ ಹಾಕುವ ಹುಡುಗರು ಬರಲಿಲ್ಲ, ಈಗಲೂ ಬರಲ್ಲ. ಮಂಗಳವಾರದ ದುಡಿಮೆ ಆ ಮನೆಗೆ ಬೇಕೇ ಬೇಕು.

ಹೆಡ್‌ಮಾಸ್ಟರ್ ಆಗದೆಯೇ ಹೆಡ್‌ಮಾಸ್ಟರ್ ಕೆಲಸದ ಒಂದು ತುಂಡು ಮಾಡಿದ ಹಾಗಾಯಿತು. ಕೋರ್ಸಿನವರು ಪ್ರಾಜೆಕ್ಟ್ ಕೇಳದಿದ್ದರೆ ನಾನು ಹಾಜರಿ ಪುಸ್ತಕವನ್ನು ಆ ರೀತಿ ನೋಡುತ್ತಲೇ ಇರಲಿಲ್ಲ.

ಸೈನ್ಸ್_ಸರ್_ವಿಜಯಪುರ

ಇದು ಚಲೋ ಆಯ್ತು ಟೀಚರ್. ಆದರೆ ಇದಕ್ಕೆ ಡಿಪ್ಲೊಮಾ ಬೇಕಾ? ಕಾಳಜಿ ಇದ್ದವರು ಸುಮ್ನೆ ಮಾಡಬಹುದಿತ್ತು.

ಸಂತೆಪೇಟೆ_ಟೀಚರ್

ಮಾಡಬಹುದಿತ್ತು. ಯಾರೂ ಮಾಡಿರಲಿಲ್ಲ.

ಡಲ್ಲಾಸ್_ಕನ್ನಡತಿ

ನಾನು ಶಿವಮೊಗ್ಗ ಕಡೆಯವಳು. ಈಗ ಟೆಕ್ಸಸ್‌ನ ಡಲ್ಲಾಸ್ ಹತ್ತಿರ ಸರ್ಕಾರಿ ಮಿಡಲ್ ಸ್ಕೂಲಿನಲ್ಲಿ ಟೀಚರ್. ಇಲ್ಲಿ ಆನ್‌ಲೈನ್‌ನಲ್ಲೇ ಎಜುಕೇಶನಲ್ ಲೀಡರ್‌ಶಿಪ್ ಎಂ.ಎಡ್ ಮುಗಿಸಿದೆ. ಈ ಚರ್ಚೆಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ. ಇಲ್ಲಿಯದೆಲ್ಲ ಸರಿ ಅನ್ನುವುದಕ್ಕಲ್ಲ.

ಇಲ್ಲಿ ಪ್ರಿನ್ಸಿಪಾಲ್ ಆಗಲು ರಾಜ್ಯದ ಸರ್ಟಿಫಿಕೇಟ್ ಬೇಕು. ಟೆಕ್ಸಸ್‌ನಲ್ಲಿ ಅದಕ್ಕೆ ಮಾಸ್ಟರ್ಸ್ ಪದವಿ, ಟೀಚರ್ ಸರ್ಟಿಫಿಕೇಟ್, ಕನಿಷ್ಠ ಎರಡು ವರ್ಷದ ಬೋಧನೆ, ಮಾನ್ಯತೆ ಇರುವ ತರಬೇತಿ, ಅದರ ಮೇಲೆ ಪರೀಕ್ಷೆ. ಹಾಗಾಗಿ ಸಾವಿರಾರು ಟೀಚರುಗಳು ಕೆಲಸ ಮಾಡುತ್ತಲೇ ಆನ್‌ಲೈನ್‌ನಲ್ಲಿ ಓದುತ್ತಾರೆ. ಬ್ಯೂಮಾಂಟ್‌ನ ಲಾಮಾರ್ ವಿಶ್ವವಿದ್ಯಾಲಯ ಇದನ್ನು ಮೊದಮೊದಲು ದೊಡ್ಡ ಮಟ್ಟದಲ್ಲಿ ಶುರು ಮಾಡಿದವುಗಳಲ್ಲಿ ಒಂದು. ಈಗ ಬೇಕಾದಷ್ಟು ಕಡೆ ಇದೆ. ಕೆಲವು ವಾರಕ್ಕೊಂದು ವಿಷಯ, ಮಕ್ಕಳು ಮಲಗಿದ ಮೇಲೆ ಲ್ಯಾಪ್‌ಟಾಪ್ ಮುಂದೆ ನಾವು.

ಓದುವುದು ಆನ್‌ಲೈನ್, ಆದರೆ ಪ್ರಾಕ್ಟಿಕಮ್ ಅಂತ ಕನಿಷ್ಠ 160 ಗಂಟೆ ಶಾಲೆಯಲ್ಲೇ ಮಾಡಬೇಕು. ಯಾವುದೋ ಶಾಲೆಯಲ್ಲಿ ಅಲ್ಲ, ಸಾಮಾನ್ಯವಾಗಿ ನಾವು ಕೆಲಸ ಮಾಡುವ ಶಾಲೆಯಲ್ಲೇ, ನಮ್ಮ ಪ್ರಿನ್ಸಿಪಾಲರೇ ಮೆಂಟರ್ ಆಗಿ. ವಿಶ್ವವಿದ್ಯಾಲಯದ ಕಡೆಯಿಂದ ಒಬ್ಬರು ಮೇಲ್ವಿಚಾರಕರು ಇರುತ್ತಾರೆ. ನಾವು ಕೆಲಸ ಮಾಡುವುದನ್ನು ಅವರು ನೋಡಿ ಮಾತಾಡುತ್ತಾರೆ.

ಒಂದು ಉದಾಹರಣೆ. ಇಲ್ಲಿ ಟಿ-ಟೆಸ್ ಅಂತ ಶಿಕ್ಷಕರ ಮೌಲ್ಯಮಾಪನ ಪದ್ಧತಿ ಇದೆ. ಪ್ರಿನ್ಸಿಪಾಲರು 45 ನಿಮಿಷ ತರಗತಿಯಲ್ಲಿ ಕೂತು ನೋಡುತ್ತಾರೆ, ಆಮೇಲೆ ಟೀಚರ್ ಜೊತೆ ಕೂತು ಮಾತಾಡುತ್ತಾರೆ. ನನ್ನ ಮೆಂಟರ್ ಜೊತೆ ನಾನೂ ಹಿಂದಿನ ಬೆಂಚಿನಲ್ಲಿ ಕೂತೆ. ನಾನು ಪುಟಗಟ್ಟಲೆ ಬರೆಯುತ್ತಿದ್ದೆ. ಅವರು ಒಂದೇ ಕೆಲಸ ಮಾಡಿದರು. ಟೀಚರ್ ಪ್ರಶ್ನೆ ಕೇಳಿದ ಮೇಲೆ ತಾವೇ ಉತ್ತರ ಹೇಳುವ ಮುಂಚೆ ಎಷ್ಟು ಸೆಕೆಂಡ್ ಕಾಯುತ್ತಾರೆ ಅಂತ ಪ್ರತಿ ಸಲ ಬರೆದುಕೊಂಡರು. ಒಂದು, ಎರಡು, ಒಂದು, ಒಂದು. ಆಮೇಲೆ ಕೂತಾಗ ಟೀಕೆ ಇಲ್ಲ, ಭಾಷಣ ಇಲ್ಲ. ಆ ಹಾಳೆಯನ್ನು ಮೇಜಿನ ಮೇಲೆ ಇಟ್ಟು 'ಇದನ್ನು ನೋಡಿದರೆ ನಿಮಗೇನು ಅನ್ನಿಸುತ್ತದೆ?' ಅಂದರು. ಟೀಚರೇ ನಕ್ಕು 'ಮಕ್ಕಳಿಗೆ ಬಾಯಿ ತೆಗೆಯೋಕೆ ಬಿಡ್ತಿಲ್ಲ ನಾನು' ಅಂದಳು.

ಪುಸ್ತಕದಲ್ಲಿ ಇದರ ಬಗ್ಗೆ ಒಂದು ಅಧ್ಯಾಯವೇ ಇತ್ತು. ತಲೆಗೆ ಹೋದದ್ದು ಆವತ್ತು.

ಇನ್ನು ಪರೀಕ್ಷೆ. ಬರೆಯುವ ಪರೀಕ್ಷೆಯ ಜೊತೆಗೆ ಪಿಎಎಸ್‌ಎಲ್ ಅಂತ ಮೂರು ಕೆಲಸಗಳ ಒಂದು ಮೌಲ್ಯಮಾಪನ ಇದೆ. ಶಾಲೆಯ ಒಂದು ನಿಜವಾದ ಸಮಸ್ಯೆಯನ್ನು ಹಿಡಿದು ಬಗೆಹರಿಸಲು ನೋಡಬೇಕು. ಸಹೋದ್ಯೋಗಿಗಳಿಗೆ ತರಬೇತಿ ರೂಪಿಸಿ ನಡೆಸಬೇಕು. ಒಂದು ತಂಡ ಕಟ್ಟಿ ಕೆಲಸ ಮಾಡಬೇಕು, ಅದರ ವಿಡಿಯೊ ಕೂಡ ಕೊಡಬೇಕು. ಸಂತೆಪೇಟೆ ಟೀಚರ್ ಮಾಡಿದ್ದು ಹೆಚ್ಚುಕಡಿಮೆ ಅದರ ಮೊದಲ ಭಾಗವೇ.

ಕೆಟ್ಟದ್ದನ್ನೂ ಹೇಳಬೇಕಲ್ಲ. ಮೆಂಟರ್ ಒಳ್ಳೆಯವರಾದರೆ ಸರಿ. ಇಲ್ಲದಿದ್ದರೆ 160 ಗಂಟೆಯೂ ಬಸ್ ಹತ್ತಿರ ನಿಲ್ಲುವುದು, ಊಟದ ಹಾಲ್ ಕಾಯುವುದರಲ್ಲೇ ಕಳೆಯುತ್ತದೆ. ಅದನ್ನೂ ಲಾಗ್‌ನಲ್ಲಿ 'ವಿದ್ಯಾರ್ಥಿ ಸುರಕ್ಷತೆಯ ನಿರ್ವಹಣೆ' ಅಂತ ಚೆಂದವಾಗಿ ಬರೆಯಬಹುದು. ಮತ್ತೆ ಸರ್ಟಿಫಿಕೇಟ್ ಬಂದ ಕೂಡಲೇ ಯಾರೂ ಕುರ್ಚಿ ಕೊಡಲ್ಲ. ಹೆಚ್ಚಿನವರು ಮೊದಲು ಅಸಿಸ್ಟೆಂಟ್ ಪ್ರಿನ್ಸಿಪಾಲ್. ಸರ್ಟಿಫಿಕೇಟ್ ಇಟ್ಟುಕೊಂಡು ಇನ್ನೂ ಪಾಠ ಮಾಡುತ್ತಲೇ ಇರುವವರು ತುಂಬ ಜನ ಇದ್ದಾರೆ, ನನ್ನನ್ನೂ ಸೇರಿಸಿಕೊಳ್ಳಿ.

ಪ್ರಭಾರಿ_ಮೇಷ್ಟ್ರು

ಮೇಡಂ, 45 ನಿಮಿಷ ತರಗತಿಯಲ್ಲಿ ಕೂರುವ ಹೆಡ್‌ಮಾಸ್ಟರ್! ನಾನು ಕೂತರೆ ಐದನೇ ನಿಮಿಷಕ್ಕೆ ಗ್ಯಾಸ್ ಸಿಲಿಂಡರ್ ಖಾಲಿ ಅಂತ ಅಡುಗೆಯವರು ಬಾಗಿಲಲ್ಲಿ ನಿಂತಿರುತ್ತಾರೆ. ಜೊತೆಗೆ ನನ್ನ ಸಮಾಜದ ಪೀರಿಯಡ್ ಯಾರು ತೆಗೆದುಕೊಳ್ಳುತ್ತಾರೆ? ಪ್ರಭಾರ ಅಂದರೆ ಪಾಠದಿಂದ ಬಿಡುಗಡೆ ಅಲ್ಲ.

ಡಲ್ಲಾಸ್_ಕನ್ನಡತಿ

ಅದು ನಿಜ ಸರ್. ಇಲ್ಲಿ ಪ್ರಿನ್ಸಿಪಾಲರಿಗೆ ಪಾಠ ಇಲ್ಲ. ಲೆಕ್ಕಕ್ಕೆ, ಅಡುಗೆ ಮನೆಗೆ ಬೇರೆ ಜನ ಇದ್ದಾರೆ. ಒಂದು ವಿಷಯ ಮಾತ್ರ ಹೇಳುತ್ತೇನೆ. 2021ರಲ್ಲಿ ವಾಲೇಸ್ ಫೌಂಡೇಶನ್ ಪ್ರಕಟಿಸಿದ ವರದಿಯೊಂದಿದೆ. ಹತ್ತಾರು ವರ್ಷಗಳ ಸಂಶೋಧನೆಯನ್ನು ಒಟ್ಟಿಗೆ ಇಟ್ಟು ನೋಡಿದ್ದಾರೆ. ಸರಾಸರಿಗಿಂತ ಕೆಳಗಿನ ಪ್ರಿನ್ಸಿಪಾಲರ ಜಾಗಕ್ಕೆ ಸರಾಸರಿಗಿಂತ ಮೇಲಿನವರು ಬಂದರೆ ಒಂದು ವರ್ಷದಲ್ಲಿ ಮಕ್ಕಳ ಕಲಿಕೆ ಗಣಿತದಲ್ಲಿ 2.9 ತಿಂಗಳಷ್ಟು, ಓದಿನಲ್ಲಿ 2.7 ತಿಂಗಳಷ್ಟು ಹೆಚ್ಚುತ್ತದೆ ಅಂತ ಅಂದಾಜು. ಒಬ್ಬ ಟೀಚರ್ ಒಳ್ಳೆಯವರಾದರೆ ಒಂದು ತರಗತಿಗೆ ಲಾಭ, ಇದು ಇಡೀ ಶಾಲೆಗೆ. ಹಾಗಾಗಿ ಆ ಕುರ್ಚಿಗೆ ಯಾರು ಬರುತ್ತಾರೆ, ಏನು ಕಲಿತು ಬರುತ್ತಾರೆ ಅನ್ನುವುದು ಸಣ್ಣ ವಿಷಯ ಅಲ್ಲ.

ಸೈನ್ಸ್_ಸರ್_ವಿಜಯಪುರ

ಅದು ಅಮೆರಿಕದ ಲೆಕ್ಕ. ಇಲ್ಲಿ ಹೆಡ್‌ಮಾಸ್ಟರಿಗೆ ಒಬ್ಬ ಟೀಚರನ್ನು ಆರಿಸುವ ಅಧಿಕಾರವೂ ಇಲ್ಲ, ಬಿಡುವ ಅಧಿಕಾರವೂ ಇಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಕಡಿಮೆಯಾದರೆ ನೋಟಿಸ್ ಮಾತ್ರ ಅವನ ಹೆಸರಿಗೇ ಬರುತ್ತದೆ.

ಡಯಟ್_ಉಪನ್ಯಾಸಕ

ತುಂಬ ಹೊತ್ತಿನಿಂದ ಓದುತ್ತಿದ್ದೇನೆ. ಇಲ್ಲಿ ಯಾರೂ ಹೇಳದ ಒಂದು ದಾರಿ ಇದೆ, ಪುಕ್ಕಟೆ ದಾರಿ.

ದೆಹಲಿಯ ನೀಪಾದಲ್ಲಿ (ಶಿಕ್ಷಣ ಯೋಜನೆ ಮತ್ತು ಆಡಳಿತದ ರಾಷ್ಟ್ರೀಯ ಸಂಸ್ಥೆ) ರಾಷ್ಟ್ರೀಯ ಶಾಲಾ ನಾಯಕತ್ವ ಕೇಂದ್ರ 2012ರಿಂದ ಇದೆ. ಮುಖ್ಯ ಶಿಕ್ಷಕರಿಗೆ ಅಂತಲೇ ಒಂದು ಪಠ್ಯಕ್ರಮ ಮಾಡಿದ್ದಾರೆ, ಏಳು ಭಾಗ. ನಾಯಕತ್ವ ಅಂದರೇನು ಅನ್ನುವುದರಿಂದ ಶುರುವಾಗಿ, ತನ್ನನ್ನು ತಾನು ಬೆಳೆಸಿಕೊಳ್ಳುವುದು, ಬೋಧನೆ ಕಲಿಕೆ ಬದಲಿಸುವುದು, ತಂಡ ಕಟ್ಟುವುದು, ಹೊಸ ಪ್ರಯೋಗ, ಊರಿನವರ ಜೊತೆ ಕೆಲಸ, ಕೊನೆಗೆ ಆಡಳಿತ. ಆಡಳಿತ ಕೊನೆಗೆ ಅನ್ನುವುದನ್ನು ಗಮನಿಸಿ. ಇದರ ಆನ್‌ಲೈನ್ ಕೋರ್ಸೂ ಇದೆ. ನಮ್ಮ ರಾಜ್ಯದಲ್ಲಿ ಈ ಕೆಲಸಕ್ಕೆ ಧಾರವಾಡದ ಸಿಸ್ಲೆಪ್ ಅನ್ನುವ ರಾಜ್ಯ ಸಂಸ್ಥೆ ಇದೆ. 2019ರಲ್ಲಿ ನಿಷ್ಠಾ ಅನ್ನುವ ಕೇಂದ್ರದ ಶಿಕ್ಷಕರ ತರಬೇತಿ ಬಂತು. ಕೋವಿಡ್ ಕಾಲದಲ್ಲಿ ಅದು ದೀಕ್ಷಾ ಆ್ಯಪಿಗೆ ಬಂತು, ಕನ್ನಡದಲ್ಲೇ ಮಾಡ್ಯೂಲುಗಳಿದ್ದವು, ಶಾಲಾ ನಾಯಕತ್ವದ್ದೂ ಸೇರಿ. ಮುಖ್ಯ ಶಿಕ್ಷಕರೂ ವರ್ಷಕ್ಕೆ 50 ಗಂಟೆ ವೃತ್ತಿ ತರಬೇತಿ ಪಡೆಯಬೇಕು ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಬರೆದಿದೆ.

ಈಗ ನಮ್ಮ ಕಡೆಯಿಂದ ನೋಡಿದ್ದು. ಶಾಲೆಗಳಿಗೆ ಹೋದಾಗ ಸ್ಟಾಫ್ ರೂಮಿನ ಮೇಜಿನ ಮೇಲೆ ನಾಲ್ಕು ಮೊಬೈಲು ಸಾಲಾಗಿ ಇಟ್ಟು, ಚಾರ್ಜರ್ ಸಿಕ್ಕಿಸಿ, ಶಬ್ದ ಬಂದ್ ಮಾಡಿ ವಿಡಿಯೊ ಓಡಿಸುತ್ತಿರುವುದನ್ನು ಕಣ್ಣಾರೆ ನೋಡಿದ್ದೇನೆ. ಕೊನೆಯ ಪರೀಕ್ಷೆಯ ಉತ್ತರ ವಾಟ್ಸ್‌ಆ್ಯಪಿನಲ್ಲಿ ಮೊದಲೇ ಬಂದಿರುತ್ತದೆ. ಶೇ 70 ಬಂದರೆ ಸರ್ಟಿಫಿಕೇಟ್. ಮೇಷ್ಟ್ರುಗಳನ್ನು ಬೈದು ಪ್ರಯೋಜನ ಇಲ್ಲ. ವಿಡಿಯೊ ನೋಡಿದವನಿಗೂ ಓಡಿಸಿದವನಿಗೂ ಸಿಗುವುದು ಒಂದೇ ಕಾಗದ, ಆಮೇಲೆ ಅದರ ಬಗ್ಗೆ ಯಾರೂ ಒಂದು ಮಾತು ಕೇಳುವುದಿಲ್ಲ.

ಕೋರ್ಸ್ ಆನ್‌ಲೈನಾ ಅಲ್ವಾ ಅನ್ನುವುದು ನನ್ನ ಮಟ್ಟಿಗೆ ದೊಡ್ಡ ವಿಷಯ ಅಲ್ಲ. ಕಲಿತದ್ದನ್ನು ಶಾಲೆಯಲ್ಲಿ ಮಾಡಿಸುತ್ತಾರಾ? ಮಾಡಿದ್ದನ್ನು ಅನುಭವ ಇರುವ ಒಬ್ಬರು ಬಂದು ನೋಡುತ್ತಾರಾ? ಈ ಎರಡು ಇದ್ದರೆ ಮೊಬೈಲ್‌ನಲ್ಲಿ ಓದಿದರೂ ಕಲಿಯುತ್ತಾರೆ. ಇಲ್ಲದಿದ್ದರೆ ಎರಡು ವರ್ಷ ಕ್ಯಾಂಪಸ್ಸಿನಲ್ಲಿ ಕೂರಿಸಿದರೂ ಅಷ್ಟೇ. ಟೆಕ್ಸಸ್‌ನಲ್ಲಿ ಎರಡೂ ಇದೆ, ಅದೂ ಮೆಂಟರ್ ಸರಿ ಇದ್ದರೆ. ಸಂತೆಪೇಟೆ ಟೀಚರ್ ಕೋರ್ಸಿನಲ್ಲಿ ಮೊದಲನೆಯದಿತ್ತು. ನಮ್ಮ ದೀಕ್ಷಾ ಕೋರ್ಸುಗಳಲ್ಲಿ ಎರಡೂ ಇಲ್ಲ. ಕ್ಲಸ್ಟರ್ ಮಟ್ಟದ ಸಿಆರ್‌ಪಿ, ಬ್ಲಾಕ್ ಮಟ್ಟದ ಬಿಆರ್‌ಪಿ, ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆ ಡಯಟ್ ಅಂತ ನೋಡಲು ಬೇಕಾದ ಜನ ಇದ್ದೇವೆ. ನಮ್ಮನ್ನು ಮಾಹಿತಿ ಸಂಗ್ರಹಕ್ಕೆ ಇಟ್ಟುಕೊಂಡಿದ್ದಾರೆ.

ಪ್ರಭಾರಿ_ಮೇಷ್ಟ್ರು

ಕೊನೆಯ ಸಾಲಿಗೆ ನನ್ನದೂ ಸಹಿ ಇದೆ ಸರ್.

ಕೆವಿ_ನಿವೃತ್ತ

ಕೇಂದ್ರೀಯ ವಿದ್ಯಾಲಯದಲ್ಲಿ ಪ್ರಾಂಶುಪಾಲನಾಗಿದ್ದು ನಿವೃತ್ತನಾದವನು. ಗಣಿತ ಮೇಡಂಗೆ ಆ ದಾರಿಯ ಬಗ್ಗೆಯೂ ಗೊತ್ತಿರಲಿ.

ಅಲ್ಲಿ ನೇರ ನೇಮಕಾತಿ ಇದೆ, ಒಳಗಿನವರಿಗೆ ಸೀಮಿತ ಇಲಾಖಾ ಪರೀಕ್ಷೆಯೂ ಇದೆ. ಪ್ರಾಂಶುಪಾಲರ ಹುದ್ದೆ ಕೇಂದ್ರ ಸರ್ಕಾರದ ವೇತನ ಶ್ರೇಣಿಯಲ್ಲಿ ಪೇ ಲೆವೆಲ್ 12. 2022ರ ಅಧಿಸೂಚನೆಯಲ್ಲಿ ನೇರ ನೇಮಕಾತಿಗೆ ವಯಸ್ಸು 35ರಿಂದ 50, ಸ್ನಾತಕೋತ್ತರ ಪದವಿ, ಬಿ.ಎಡ್, ಜೊತೆಗೆ ಅನುಭವ. ಅನುಭವವನ್ನು ಪೇ ಲೆವೆಲ್ ಲೆಕ್ಕದಲ್ಲಿ ಕೇಳಿದ್ದರು, ಉದಾಹರಣೆಗೆ ಲೆವೆಲ್ 8ರ ಪಿಜಿಟಿಯಾಗಿ (ಸ್ನಾತಕೋತ್ತರ ಶಿಕ್ಷಕ) 8 ವರ್ಷ. ಖಾಸಗಿ ಶಾಲೆಯವರು ಇಲ್ಲೇ ಸಿಕ್ಕಿಬೀಳುತ್ತಾರೆ. ಮುಂದಿನ ಅಧಿಸೂಚನೆ ಬಂದಾಗ ಈ ಸಾಲನ್ನು ಮೊದಲು ಓದಿ, ಆಮೇಲೆ ಫೀಸು ಕಟ್ಟಿ. ನಾಯಕತ್ವದ ಡಿಪ್ಲೊಮಾವನ್ನು ಅರ್ಹತೆಯಾಗಿ ಕೇಳಿರಲಿಲ್ಲ.

ಆದರೆ ಪರೀಕ್ಷೆಯಲ್ಲಿ ಶಿಕ್ಷಣ ಮತ್ತು ನಾಯಕತ್ವದ್ದೇ ಒಂದು ಭಾಗ, ಆಡಳಿತ ಮತ್ತು ಹಣಕಾಸಿನದು ಇನ್ನೊಂದು ಭಾಗ. ಮೊದಲನೆಯದಕ್ಕೆ ಇಗ್ನೋ ಪುಸ್ತಕ ಓದಿದವರಿಗೆ ಅನುಕೂಲ. ಎರಡನೆಯದಕ್ಕೆ ಸೇವಾ ನಿಯಮ, ನಡತೆ ನಿಯಮ, ಕೇಂದ್ರದ ಹಣಕಾಸು ನಿಯಮಗಳಾದ ಜಿಎಫ್‌ಆರ್ ಎಲ್ಲ ಓದಲೇಬೇಕು. ನಾನು ಕಂಡ ಹಾಗೆ ಹೊಸ ಪ್ರಾಂಶುಪಾಲರು ಎಡವುವುದು ಪಾಠದ ವಿಷಯದಲ್ಲಿ ಅಲ್ಲ. ಬೆಂಚು ಕೊಳ್ಳುವಾಗ ಎಡವುತ್ತಾರೆ. ಒಳ್ಳೆಯ ಉದ್ದೇಶದಿಂದ, ಮಕ್ಕಳು ನೆಲದ ಮೇಲೆ ಕೂತಿದ್ದಾರಲ್ಲ ಅಂತ ಅವಸರದಲ್ಲಿ ಕೊಂಡು, ಆಮೇಲೆ ವರ್ಷಗಟ್ಟಲೆ ಆಡಿಟ್ ಆಕ್ಷೇಪಣೆಗೆ ಉತ್ತರ ಬರೆಯುತ್ತಾರೆ.

ರಾಜ್ಯದಲ್ಲಿ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಪ್ರಾಂಶುಪಾಲರ ಹುದ್ದೆಗೂ ನೇರ ನೇಮಕಾತಿ ಆಗಿದ್ದುಂಟು. ಅದರ ಮೇಲೂ ಕಣ್ಣಿಡಿ.

ಗಣಿತಮೇಡಂ_ದಾವಣಗೆರೆ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎರಡು ಸಂಶಯ. ಆ ವಿದೇಶಿ ಮಾಸ್ಟರ್ಸ್ ಬಗ್ಗೆ ಯಾರೂ ಹೇಳಲಿಲ್ಲ. ಡಲ್ಲಾಸ್ ಅಕ್ಕ ಮಾಡಿದಂಥದ್ದೇ ಅಂತ ಆ ಹುಡುಗಿ ಹೇಳುತ್ತಾಳೆ. ಇನ್ನೊಂದು, ಎಂ.ಎ. ಶಿಕ್ಷಣ ಮಾಡಿದರೆ ಎಂ.ಎಡ್‌ಗೆ ಸಮ ಅಲ್ವಾ?

ಡಲ್ಲಾಸ್_ಕನ್ನಡತಿ

ನನ್ನದರಂಥದ್ದು ಹೇಗಾಗುತ್ತದೆ? ನನ್ನ ಕೋರ್ಸಿನ ಜೀವ ಇದ್ದದ್ದು ಇಲ್ಲಿನ ಶಾಲೆಯಲ್ಲಿ ಮಾಡಿದ ಪ್ರಾಕ್ಟಿಕಮ್‌ನಲ್ಲಿ, ರಾಜ್ಯದ ಸರ್ಟಿಫಿಕೇಟಿನಲ್ಲಿ. ಅವೆರಡನ್ನೂ ತೆಗೆದರೆ ಉಳಿಯುವುದು ಪಿಡಿಎಫ್ ಮತ್ತು ಚರ್ಚೆಗೆ ಎರಡು ಕಾಮೆಂಟು. ದಾವಣಗೆರೆಯಲ್ಲಿ ಕೂತು ಅದಕ್ಕೆ ಲಕ್ಷಗಟ್ಟಲೆ ಕೊಡಬೇಡಿ.

ಡಯಟ್_ಉಪನ್ಯಾಸಕ

ಮೇಡಂ, ಮಾನ್ಯತೆಯ ವಿಷಯ ನೇರವಾಗಿ ಹೇಳುತ್ತೇನೆ.

ಆನ್‌ಲೈನ್ ಕಂಪನಿಗಳ ಜೊತೆ ಸೇರಿ ಕೊಡುವ ವಿದೇಶಿ ಪದವಿಗಳಿಗೆ ಮಾನ್ಯತೆ ಇಲ್ಲ ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2023ರ ಡಿಸೆಂಬರ್‌ನಲ್ಲೇ ಎಚ್ಚರಿಕೆ ಕೊಟ್ಟಿದೆ. ಆ ಹುಡುಗಿಗೆ ಒಂದೇ ಪ್ರಶ್ನೆ ಕೇಳಿ. ಈ ಪದವಿಗೆ ಯುಜಿಸಿ ಮಾನ್ಯತೆ ಇದೆ ಅಂತ ಇಮೇಲ್‌ನಲ್ಲಿ ಬರೆದು ಕೊಡುತ್ತೀರಾ? ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ.

ಇಲ್ಲಿನ ಮಾನ್ಯತೆ ಇರುವ ವಿಶ್ವವಿದ್ಯಾಲಯದ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ರೆಗ್ಯುಲರ್ ಪದವಿಗೆ ಸಮ ಅಂತ ಯುಜಿಸಿ 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟ ಮಾಡಿದೆ. ಹಾಗಾಗಿ ಆ ಭಯ ಬೇಡ. ಆದರೆ ನೀವು ಸೇರುವ ವರ್ಷಕ್ಕೆ, ನೀವು ಸೇರುವ ಕೋರ್ಸಿಗೆ ಮಾನ್ಯತೆ ಇದೆಯಾ ಅಂತ ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಿಯೇ ಸೇರಬೇಕು. ಮೈಸೂರಿನ ಮುಕ್ತ ವಿವಿ ಕಥೆ ನೆನಪಿದೆಯಲ್ಲ. 2013-14ರಿಂದಲೇ ಮಾನ್ಯತೆ ಇಲ್ಲ ಅಂತ ಯುಜಿಸಿ 2015ರಲ್ಲಿ ಹೇಳಿತು. 2018ರಲ್ಲಿ ಮತ್ತೆ ಸಿಕ್ಕಿತು, ಈಗ ಸರಿಯಿದೆ. ನಡುವೆ ಓದಿದವರು ಅನುಭವಿಸಿದ್ದು ಅವರಿಗೇ ಗೊತ್ತು.

ಎಂ.ಎ. ಶಿಕ್ಷಣ ಮತ್ತು ಎಂ.ಎಡ್ ಬೇರೆ ಬೇರೆ. ಎಂ.ಎಡ್‌ಗೆ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿ) ಮಾನ್ಯತೆ ಬೇಕು, ಬಿ.ಎಡ್ ಕಾಲೇಜಿನಲ್ಲಿ ಕಲಿಸುವ ಆಸೆ ಇದ್ದರೆ ಅದು. ನಿಮಗೆ ಎಂ.ಎಸ್ಸಿ ಆಗಲೇ ಇದೆ, ಸ್ನಾತಕೋತ್ತರ ಬೇಕು ಅನ್ನುವ ಷರತ್ತು ಮುಗಿದಿದೆ. ಇನ್ನೊಂದು ಎಂ.ಎ.ಗೆ ಎರಡು ವರ್ಷ ಯಾಕೆ? ಇಗ್ನೋ ಎಂ.ಎ. ಶಿಕ್ಷಣದಲ್ಲೂ ಶೈಕ್ಷಣಿಕ ನಿರ್ವಹಣೆಯನ್ನು ವಿಶೇಷ ವಿಷಯವಾಗಿ ತೆಗೆದುಕೊಳ್ಳಬಹುದು, ಸರಿ. ಆದರೆ ನಿಮ್ಮ ಕೆಲಸಕ್ಕೆ ಡಿಪ್ಲೊಮಾ ಸಾಕು.

ಹೊಸಬ_ಕೊಪ್ಪಳ

ಸರ್, ನಾನು ಸರ್ಕಾರಿ ಪ್ರಾಥಮಿಕ ಶಾಲೆ ಶಿಕ್ಷಕ. ಇಗ್ನೋಗೆ ಸೇರಲು ಇಲಾಖೆ ಅನುಮತಿ ಬೇಕಾ?

ಪ್ರಭಾರಿ_ಮೇಷ್ಟ್ರು

ತೆಗೆದುಕೊಂಡೇ ಸೇರಿ ತಮ್ಮಾ. ಸೇರುವ ಮೊದಲೇ ಅರ್ಜಿ ಕೊಡು, ಸ್ವೀಕೃತಿ ಇಟ್ಟುಕೊ. ಮುಗಿದ ಮೇಲೆ ಸೇವಾ ಪುಸ್ತಕದಲ್ಲಿ ನಮೂದು ಮಾಡಿಸುವವರೆಗೆ ಬೆನ್ನು ಬಿಡಬೇಡ. ಅನುಮತಿ ಇಲ್ಲದೆ ಓದಿ ಆಮೇಲೆ ನಮೂದಿಗೆ ಅಲೆಯುತ್ತಿರುವವರು ನಮ್ಮ ತಾಲ್ಲೂಕಿನಲ್ಲೇ ಇದ್ದಾರೆ.

ಸಂತೆಪೇಟೆ_ಟೀಚರ್

ಗಣಿತ ಮೇಡಂ, ಸೇರುವುದಾದರೆ ಪ್ರಾಜೆಕ್ಟ್ ವಿಷಯವನ್ನು ಈಗಲೇ ಯೋಚಿಸಿ. 'ಶಾಲಾ ನಿರ್ವಹಣೆಯಲ್ಲಿ ತಂತ್ರಜ್ಞಾನದ ಪಾತ್ರ' ಅಂತ ತೆಗೆದುಕೊಂಡರೆ ಯಾರದ್ದೋ ಹಳೆಯದನ್ನು ಇಳಿಸುವುದೇ ಆಗುತ್ತದೆ. ನಿಮ್ಮ ಶಾಲೆಯಲ್ಲಿ ಎಲ್ಲರಿಗೂ ಗೊತ್ತಿದ್ದು ಯಾರೂ ಮುಟ್ಟದ ಒಂದು ವಿಷಯ ಇರುತ್ತದಲ್ಲ, ಅದನ್ನು ಹಿಡಿಯಿರಿ. ಮಾರ್ಗದರ್ಶಕರನ್ನೂ ಮೊದಲೇ ಹುಡುಕಿಟ್ಟುಕೊಳ್ಳಿ, ಕೊನೇ ಗಳಿಗೆಯಲ್ಲಿ ಸಿಗಲ್ಲ.

ಗಣಿತಮೇಡಂ_ದಾವಣಗೆರೆ

ವಿಷಯ ಸಿಕ್ಕಿದೆ ಅನ್ನಿಸುತ್ತದೆ. ನಮ್ಮಲ್ಲಿ ವರ್ಷಕ್ಕೆ ಮೂರ್ನಾಲ್ಕು ಹೊಸ ಟೀಚರುಗಳು ಸೇರುತ್ತಾರೆ, ಮುಂದಿನ ಬೇಸಿಗೆಗೆ ಅರ್ಧ ಜನ ಬಿಟ್ಟು ಹೋಗಿರುತ್ತಾರೆ. 'ಸಂಬಳ ಕಡಿಮೆ ಅದಕ್ಕೆ' ಅಂತ ಎಲ್ಲರೂ ಹೇಳುತ್ತಾರೆ. ಆದರೆ ಬಿಟ್ಟ ಇಬ್ಬರು ಸೇರಿದ್ದು ಇನ್ನೂ ಕಡಿಮೆ ಸಂಬಳದ ಶಾಲೆಗೆ. ಯಾಕೆ ಅಂತ ಯಾರೂ ಕೇಳಿಲ್ಲ.

ಆ ಫೋನಿನ ಹುಡುಗಿಗೆ ಇಮೇಲ್ ಕೇಳಿದೆ. ಮ್ಯಾನೇಜರ್ ಹತ್ತಿರ ಕೇಳಿ ಹೇಳುತ್ತೇನೆ ಅಂದಳು, ಮತ್ತೆ ಫೋನ್ ಬರಲಿಲ್ಲ.

ಸೈನ್ಸ್_ಸರ್_ವಿಜಯಪುರ

ಹಾಗಿದ್ದರೆ ನಾನು ಹೇಳಿದ ವ್ಯಾಪಾರದ ಮಾತು ಅರ್ಧವಾದರೂ ಸರಿ ಇತ್ತಲ್ಲ!

ಬಿಟ್ಟು ಹೋದವರನ್ನು ಶಾಲೆಯಲ್ಲಿ ಕರೆದು ಕೇಳಬೇಡಿ ಮೇಡಂ, ನಿಜ ಹೇಳಲ್ಲ. ಹೊರಗೆ ಕಾಫಿಗೆ ಕರೆಯಿರಿ.

ಕೆವಿ_ನಿವೃತ್ತ

ಪ್ರಾಜೆಕ್ಟಿಗೆ ಮುಂಚೆ ಆಡಳಿತ ಮಂಡಳಿಯಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಟೀಚರುಗಳು ಯಾಕೆ ಬಿಡುತ್ತಾರೆ ಅನ್ನುವ ಪ್ರಶ್ನೆಗೆ ಬರುವ ಉತ್ತರ ಅವರಿಗೆ ಹಿತವಾಗಿ ಇರಲಾರದು. ವಿಷಯವನ್ನು 'ಹೊಸ ಶಿಕ್ಷಕರಿಗೆ ಮೊದಲ ವರ್ಷದ ನೆರವು' ಅಂತ ಇಟ್ಟುಕೊಂಡರೆ ಬಾಗಿಲು ಬೇಗ ತೆರೆಯುತ್ತದೆ. ಕೆಲಸ ಅದೇ.

ಗಣಿತಮೇಡಂ_ದಾವಣಗೆರೆ

ಇವತ್ತು ಪ್ರಿನ್ಸಿಪಾಲರ ಹತ್ತಿರ ಮಾತಾಡಿದೆ. ಕೋರ್ಸಿಗೆ ಸೇರುತ್ತೇನೆ, ಅದರ ಜೊತೆಗೆ ನಿಮ್ಮ ಕೆಲಸದಲ್ಲಿ ಒಂದು ಭಾಗವನ್ನು ಈಗಿನಿಂದಲೇ ನನಗೆ ಕೊಡಿ, ನಾನು ಮಾಡುವುದನ್ನು ನೋಡಿ ತಿದ್ದಿ ಅಂತ ಕೇಳಿದೆ. ಸರ್‌ಗೆ ಖುಷಿಯಾಯಿತು. ಕೂಡಲೇ ಫೀಸು ಬಾಕಿ ಇರುವ ಪೋಷಕರ ಪಟ್ಟಿ ಕೈಗೆ ಕೊಟ್ಟರು! ಹೊಸ ಟೀಚರುಗಳ ತರಗತಿ ನೋಡುವುದೂ ನನ್ನದೇ, ವಾರಕ್ಕೆ ಎರಡು ಪೀರಿಯಡ್ ಅದಕ್ಕೆ ಬಿಡುವು ಕೊಡುತ್ತಾರಂತೆ.

ಪ್ರಭಾರಿ_ಮೇಷ್ಟ್ರು

ಫೀಸಿನ ಪಟ್ಟಿ ಇರಲಿ ಮೇಡಂ. ಲೆಕ್ಕದ ಪುಸ್ತಕವನ್ನೂ ತೋರಿಸಿ ಅಂತ ಕೇಳಿ. ಅವರು ಕುರ್ಚಿಯಲ್ಲಿ ಇರುವಾಗಲೇ ಕೇಳಿ, ಹಾರ ಹಾಕಿದ ಮೇಲೆ ಬೇಡ.